ಗ್ರೈಂಡರ್ ಮೇಲೆ ಹರಡಿದ ಕೌದಿ

ನಾಗಸಂದ್ರದಿಂದ ದಿನದ ಮೊದಲ ಮೆಟ್ರೊ ಹೊರಡುವ ಹೊತ್ತಿಗೆ ಲೋಕೇಶ್ ಕೈ ತೊಳೆಯುತ್ತಿರುತ್ತಾರೆ. ಅವರ ಮಟ್ಟಿಗೆ ಅದೇ ಒಂದು ಕೆಲಸ. ಮೊದಲು ಮರದ ಹೊಟ್ಟಿಗೆ ಸೋಪಿನ ಪುಡಿ ಬೆರೆಸಿ ಉಜ್ಜಬೇಕು. ಆಮೇಲೆ ಹಿಂಡಿದ ನಿಂಬೆಹಣ್ಣಿನ ಸಿಪ್ಪೆ. ಕೊನೆಗೆ ಬರೀ ನೀರು. ಹಿಂದಿನ ದಿನವೆಲ್ಲ ಕಬ್ಬಿಣ ಹೆರೆಯುವ ಲೇತ್ ಮುಂದೆ ನಿಂತ ಕೈ ಅದು. ಉಗುರಿನ ಸಂದಿಯ ಎಣ್ಣೆ ಒಂದು ರಾತ್ರಿಯ ನಿದ್ದೆಗೆ ಹೋಗುವಂಥದ್ದಲ್ಲ.

ಕೈ ಒರೆಸಿಕೊಂಡು ಮಹಡಿಯ ಬಯಲಿಗೆ ಬರುತ್ತಾರೆ. ಉಟ್ಟಿರುವುದು ಬಿಳಿ ಪಂಚೆ, ಮೇಲೊಂದು ಬನಿಯನ್. ಈ ಎರಡು ಬಟ್ಟೆಗಳು ಮೆಟ್ಟಿಲಿಳಿದು ಬೀದಿ ಕಂಡದ್ದೇ ಇಲ್ಲ. ಚಾಪೆಯ ಮೇಲೆ ಅರ್ಧ ಹೊಲಿದ ಕೌದಿಯನ್ನು ಹರಡುತ್ತಾರೆ. ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವೊಂದನ್ನು ಅದರ ಮೇಲೆ ಮೆಲ್ಲಗೆ ಆಡಿಸುತ್ತಾರೆ, ಇಸ್ತ್ರಿ ಮಾಡುವವರ ಹಾಗೆ. ಏನೂ ಅಂಟದಿದ್ದರೆ ಚಕ್ಕಂಬಕ್ಕಳ ಹಾಕಿ ಕೂತು ಸೂಜಿ ಎತ್ತಿಕೊಳ್ಳುತ್ತಾರೆ. ಒಳಗೆ ಹೆಂಡತಿ ಗೌರಿ ಊಟದ ಡಬ್ಬಿಯ ಮುಚ್ಚಳ ಒತ್ತುವ ಸದ್ದು ಕೇಳುವ ತನಕ ಹೊಲಿಗೆ. ಆ ಸದ್ದು ಬಂದರೆ ಪೀಣ್ಯ ಕರೆಯುತ್ತಿದೆ ಎಂದರ್ಥ.

ಲೋಕೇಶ್‌ಗೆ ಐವತ್ತು ದಾಟಿದೆ. ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದ ಒಂದು ಸಣ್ಣ ಘಟಕದಲ್ಲಿ ಟರ್ನರ್, ಅಂದರೆ ಲೇತ್ ನಡೆಸುವವರು. ನೀರೆತ್ತುವ ಪಂಪುಗಳೊಳಗೆ ಕೂರುವ ಲೋಹದ ಬಳೆಯಂಥ ಬುಷ್‌ಗಳನ್ನು ಹೆರೆದು ಮಾಡುತ್ತಾರೆ, ಶಿಫ್ಟಿಗೆ ಇನ್ನೂರರಷ್ಟು. ನಲ್ಲಿಯಲ್ಲಿ ನೀರು ಬಂದಾಗ ಯಾರೂ ಅವರನ್ನು ನೆನೆಯುವುದಿಲ್ಲ. ನೆನೆಯಬೇಕೆಂದು ಅವರಿಗೂ ಅನ್ನಿಸಿಲ್ಲ. ಬೆಳಗಿನ ಈ ಹೊಲಿಗೆ ಇಪ್ಪತ್ತು ವರ್ಷಗಳ ಹವ್ಯಾಸ. ಬೇಕಾದವರಿಗೆ ಕೊಡುತ್ತಾರೆ, ಮಾರುವುದಿಲ್ಲ.

"ಮಾರಕ್ಕೆ ಶುರು ಮಾಡಿದ್ರೆ ಇದೂ ಜಾಬ್ ಆಗ್ಬಿಡ್ತದೆ. ಜಾಬ್ ಮಾಡಕ್ಕೆ ಪೀಣ್ಯ ಐತಲ್ಲ," ಎನ್ನುತ್ತಾರೆ.

ಈ ಬೆಳಿಗ್ಗೆ ಮಾತ್ರ ಹೊಲಿಗೆ ಓಡುತ್ತಿಲ್ಲ. ಅವರಿಗೆ ತಿಳಿದಂತೆ ಕೆಳಗಿನ ಮನೆಯ ಬೀರುವಿನೊಳಗೆ ಅವರದೊಂದು ಕೌದಿ ಇದೆ. ಮನೆಯೊಡತಿ ಕೃಷ್ಣಮ್ಮನವರ ಮರಿಮೊಮ್ಮಗನಿಗೆಂದು ಹೊಲಿದದ್ದು. ಬಾಣಂತನಕ್ಕೆ ಬಂದಿದ್ದ ಮೊಮ್ಮಗಳು ಮಂಜುಶ್ರೀ ಐದು ತಿಂಗಳ ಕೂಸನ್ನು ಎತ್ತಿಕೊಂಡು ನಾಳೆ ಜಿಗಣಿಯ ಗಂಡನ ಮನೆಗೆ ಹೊರಡುತ್ತಾರೆ. ಕೌದಿ ಜೊತೆಗೆ ಹೋಗುತ್ತದೋ, ಬೀರುವಿನಲ್ಲೇ ಉಳಿಯುತ್ತದೋ, ಗೊತ್ತಿಲ್ಲ. ಕೇಳುವ ಹಕ್ಕು ತಮಗಿಲ್ಲ ಎಂದು ಲೋಕೇಶ್ ತೀರ್ಮಾನಿಸಿಕೊಂಡಿದ್ದಾರೆ.

"ಮೆಟ್ಲು ಕಡೆ ನೋಡಿ ನೋಡಿ ಬೆರಳಿಗೆ ಚುಚ್ಕೊಂಡೀರ. ಹೋಗಿ ಕೇಳ್ಬಾರ್ದಾ?" ಗೌರಿ ಅಡುಗೆಮನೆಯಿಂದಲೇ ಅನ್ನುತ್ತಾರೆ.

"ಏನಂತ ಕೇಳ್ಲೇ? ಕೊಟ್ಟಿದ್ದು ಕೊಟ್ಟಾಯ್ತು."

"ಕೊಟ್ಟಾಯ್ತು ಅನ್ನೋರು ನಿದ್ದೆ ಮಾಡ್ಬೇಕಪ್ಪ. ರಾತ್ರಿಯೆಲ್ಲ ಮಗ್ಗಲು ಬದ್ಲಾಯಿಸ್ತಾ ಇದ್ರೆ ನಾನು ಮಲಗೋದು ಎಂಗೆ?"

*

ಸೂಜಿ ಕೈಗೆ ಬಂದದ್ದು ಒಂದು ಗಾಯದಿಂದ. ಆಗ ಅವರಿಗೆ ಮೂವತ್ತು. ಲೋಹದ ತುಂಡನ್ನು ಕಚ್ಚಿ ತಿರುಗುವ ಲೇತಿನ ಚಕ್‌ಗೆ ಕೈಗವಸಿನ ತುದಿ ಸಿಕ್ಕಿ, ಎಡಗೈಯ ಎರಡು ಬೆರಳು ಜಜ್ಜಿಹೋದವು. ಮೂಳೆ ಕೂಡಿತು, ಬೆರಳು ಬಗ್ಗಲಿಲ್ಲ. ಬಗ್ಗಿಸುತ್ತಿರಿ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರು. ಚೆಂಡು ಹಿಸುಕುತ್ತಾ ಗೋಡೆ ನೋಡುತ್ತಿದ್ದ ಮಗನನ್ನು ತಾಯಿ ಬೈರಮ್ಮ ನಾಲ್ಕು ದಿನ ಸಹಿಸಿಕೊಂಡರು. ಕೊರಟಗೆರೆ ಕಡೆಯ ಹೆಂಗಸು. ಊರಿನ ಅರ್ಧ ಮನೆಗಳಿಗೆ ಬೊಂತೆ ಹೊಲಿದುಕೊಟ್ಟವರು. ಆ ಕಡೆ ಕೌದಿಯನ್ನು ಕರೆಯುವುದೇ ಹಾಗೆ.

"ಆ ಚೆಂಡು ಹಿಸುಕಿದ್ರೆ ಏನ್ ಹಾಲು ಬತ್ತದೇನ್ಲಾ? ಇದನ್ನ ಇಡ್ಕೊ," ಎಂದು ತಾವು ಹೊಲಿಯುತ್ತಿದ್ದ ಬೊಂತೆಯ ಅಂಚನ್ನು ಅವನ ಎಡಗೈಗೆ ತುರುಕಿದರು.

ಬಟ್ಟೆ ಹಿಡಿಯಲೆಂದು ಬೆರಳು ಬಗ್ಗಿತು. ಹಿಡಿದದ್ದು ಸಾಲದೆಂದು ಬಲಗೈ ಸೂಜಿ ಬೇಡಿತು. ಮತ್ತೆ ಲೇತ್ ಮುಂದೆ ನಿಲ್ಲುವ ಹೊತ್ತಿಗೆ ಆ ಬೊಂತೆ ಮುಗಿದಿತ್ತು. ಚಟ ಮುಗಿದಿರಲಿಲ್ಲ.

ಒಬ್ಬರೇ ಹೊಲಿದ ಮೊದಲನೆಯದನ್ನು ನೆನೆದರೆ ಈಗಲೂ ಅವರಿಗೆ ನಗು. ಟರ್ನರ್ ಅಲ್ಲವೇ, ವರ್ನಿಯರ್ ಹಿಡಿದು ತುಂಡುಗಳನ್ನು ಅಳೆದರು. ಒಂದು ಚೌಕಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಲೇತಿನಲ್ಲಿ ಜಾಬನ್ನು, ಅಂದರೆ ಹೆರೆಯಬೇಕಾದ ತುಂಡನ್ನು, ಬಿಗಿ ಹಿಡಿದ ಮೇಲೆ ತಾನೇ ಕೆಲಸ? ಹಾಗಾಗಿ ಮೊದಲು ನಾಲ್ಕೂ ಅಂಚು ಹೊಲಿದು ಬಂದೋಬಸ್ತು ಮಾಡಿದರು. ಆಮೇಲೆ ನಡುವಿಗೆ ಬಂದರು. ನಡು ಪೂರಿಯಂತೆ ಉಬ್ಬಿ ನಿಂತಿತು. ಒಗೆದಾಗ ಹೊಸ ಬಟ್ಟೆಯ ತುಂಡುಗಳು ಕುಗ್ಗಿ ಹಳೆಯವನ್ನು ಎಳೆದುಕೊಂಡವು. ಇಡೀ ಕೌದಿ ಬಿಸಿಲಿಗೆ ಹಾಕಿದ ಹಪ್ಪಳವಾಯಿತು.

ಬೈರಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರಂತೆ: "ಇದನ್ನ ಒದ್ಕೊಳ್ಳೋದೋ, ಎಣ್ಣೇಲಿ ಕರ್ದು ತಿನ್ನೋದೋ?"

ಆಮೇಲೆ ಹೇಳಿದ್ದನ್ನು ಮಗ ಮರೆತಿಲ್ಲ. ನಡುವಿನಿಂದ ಹೊರಡು, ಅಂಚಿಗೆ ಬಾ. ಹೊಸದನ್ನು ಹಳೆಯದರ ಪಕ್ಕ ಕೂರಿಸುವ ಮೊದಲು ಮೂರು ಸಲ ಒಗೆ. ದಾರ ಮೊಳಕ್ಕಿಂತ ಉದ್ದ ಇದ್ದರೆ ಅದು ಸೋಮಾರಿಯ ದಾರ, ಗಂಟು ಬೀಳುವುದೇ ಅದರ ಕೆಲಸ. ಇಷ್ಟು ಅಮ್ಮನದು. ಮಿಕ್ಕದ್ದು ಅವರು ತಾವೇ ಕೆಟ್ಟು ಕಲಿತದ್ದು. ಸಿಟ್ಟು ಬಂದ ದಿನ ಹೊಲಿಯಬಾರದು, ಹೊಲಿಗೆ ಬಿಗಿಯಾಗಿ ಬಟ್ಟೆ ಸುಕ್ಕಾಗುತ್ತದೆ. ತೀರಾ ಖುಷಿ ಇದ್ದ ದಿನವೂ ಬೇಡ, ಹೊಲಿಗೆ ದಾಪುಗಾಲು ಹಾಕುತ್ತದೆ. ಬಿಚ್ಚಲು ಹೆದರುವವನು ಹೊಲಿಯಲು ಕೂರಬಾರದು.

"ಲೇತಲ್ಲಿ ಜಾಸ್ತಿ ತೆಗೆದ್ಬಿಟ್ರೆ ಮುಗೀತು, ಜಾಬ್ ರಿಜೆಕ್ಟ್. ತಿರುಗಿ ಅಂಟಿಸಕ್ಕಾಗಲ್ಲ. ಬಟ್ಟೆ ಅಂಗಲ್ಲ. ಬಿಚ್ಚಿದ್ರೆ ಬಿಚ್ಚಿಸ್ಕೊಳ್ತದೆ. ಬೇಜಾರು ಮಾಡ್ಕೊಳ್ಳಲ್ಲ," ಎನ್ನುತ್ತಾರೆ. ಬೈರಮ್ಮ ತೀರಿಕೊಂಡು ಹತ್ತು ವರ್ಷಗಳ ಮೇಲಾಯಿತು.

ಈ ವಿಷಯವೆಲ್ಲ ಪೀಣ್ಯಕ್ಕೆ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡಿದ್ದರು. ಒಬ್ಬನ ಟಿಫನ್ ಡಬ್ಬಿಯ ಮೇಲೆ ಹೂವಿನ ಚಿತ್ರ ಇದ್ದದ್ದಕ್ಕೆ ಅವನಿಗೆ ಎರಡು ವರ್ಷ 'ಹೂವಮ್ಮ' ಎಂದು ಹೆಸರಿಟ್ಟ ಜಾಗ ಅದು. ಅಲ್ಲಿ ಕೌದಿಯ ಮಾತೆತ್ತಿದರೆ ಉಳಿಗಾಲವುಂಟೇ?

*

ಕೃಷ್ಣಮ್ಮನವರದು ಹಳೆಯ ಊರಿನ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಮೂರಂತಸ್ತಿನ ಕಟ್ಟಡ. ಮೇಲಿನ ಶೀಟಿನ ಮನೆಯಲ್ಲಿ ಲೋಕೇಶ್ ದಂಪತಿ. ಮೊಮ್ಮಗಳಿಗೆ ಗಂಡುಮಗು ಹುಟ್ಟಿದಾಗ ಅಜ್ಜಿ ಒಂದು ಗಂಟು ಹೊತ್ತು ತಾವೇ ಮೆಟ್ಟಿಲು ಹತ್ತಿ ಬಂದರು. ಗಂಟಿನಲ್ಲಿ ನೂಲಿನ ಸೀರೆಗಳು. ಉಟ್ಟೂ ಒಗೆದೂ ಬೆಣ್ಣೆಯಂತಾಗಿದ್ದವು.

"ಎಳೇ ಮೈಗೆ ಹೊಸ ಬಟ್ಟೆ ಒರಟು ಕಣಪ್ಪ. ಅಂಗಡಿದು ತಂದವ್ರೆ, ಪ್ಲಾಸ್ಟಿಕ್ಕು ಅದು, ಮುಟ್ಟಿದ್ರೆ ಚರಚರ ಅಂತದೆ. ನೀನೊಂದು ಬೊಂತೆ ಹಾಕ್ಕೊಡು," ಎಂದರು.

ಬೆಳಗಿನ ಮಬ್ಬಿನಲ್ಲಿ ಲೋಕೇಶ್‌ಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಹಾಗಾಗಿ ಗೌರಿ ಹಿಂದಿನ ಸಂಜೆಯೇ ಏಳೆಂಟು ಸೂಜಿಗಳಿಗೆ ದಾರ ಪೋಣಿಸಿ ಒಂದು ಸ್ಪಂಜಿನ ತುಂಡಿಗೆ ಸಾಲಾಗಿ ಚುಚ್ಚಿಡುತ್ತಾರೆ. ಒಂದರ ದಾರ ಮುಗಿದರೆ ಮುಂದಿನದು. ದಾರ ಮುಗಿದ ಸೂಜಿಯನ್ನು ಲೋಕೇಶ್ ಕೌದಿಗೇ ಚುಚ್ಚಿಡುತ್ತಿದ್ದರು. ಲೇತಿನ ಮೇಲೆ ಸ್ಪ್ಯಾನರನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳುವ ರೂಢಿ ಇದೆಯಲ್ಲ, ಅದೇ. ಏಳುವಾಗ ಎಲ್ಲವನ್ನೂ ಕಿತ್ತು ಸ್ಪಂಜಿಗೆ ಸೇರಿಸುತ್ತಿದ್ದರು.

ನಾಮಕರಣದ ದಿನ ಬೆಳಿಗ್ಗೆ ಕೊನೆಯ ಮೂಲೆ ಮುಗಿಯಿತು. ಮಡಿಸಿ ಕೊಟ್ಟು ಬಂದರು. ಆ ದಿನ ರಜೆ ಹಾಕಿದ್ದರು. ಹೊಸ ಶರ್ಟ್ ತೊಟ್ಟು ಕೆಳಗಿಳಿಯಬೇಕು ಎನ್ನುವಾಗ ಗೌರಿ ಸ್ಪಂಜು ಹಿಡಿದುಕೊಂಡು ಬಂದು ನಿಂತರು.

"ರೀ, ಒಂದು ಸೂಜಿ ಇಲ್ಲ."

"ಕೆಳಗೆ ಬಿದ್ದಿರ್ತದೆ, ನೋಡು."

"ಗುಡಿಸಿ ನೋಡ್ದೆ. ಚಾಪೆ ಒದರಿದೆ. ಇಲ್ಲ ಕಣ್ರೀ."

ಚಪ್ಪಲಿ ಹಾಕಿಕೊಂಡರೋ ಇಲ್ಲವೋ ಅವರಿಗೆ ನೆನಪಿಲ್ಲ. ಕೆಳಗೆ ನಡುಮನೆಯ ತುಂಬ ನೆಂಟರು. ತೊಟ್ಟಿಲಿಗೆ ಹೂವು ಕಟ್ಟಿದ್ದಾರೆ. ತೊಟ್ಟಿಲೊಳಗೆ ಅವರ ಕೌದಿ. ಕೌದಿಯ ಮೇಲೆ ಮಗು. ಮುತ್ತೈದೆಯರು ಹಾಡಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ಅಜ್ಜೀ, ಮಗೂನ ಎತ್ಕೊಳ್ಳಿ," ಎಂದರು ಲೋಕೇಶ್.

"ಯಾಕಪ್ಪಾ, ಈಗಿನ್ನೂ ಮಲಗಿಸಿದ್ದೀವಿ..."

"ಎತ್ಕೊಳ್ಳಿ ಅಜ್ಜಿ. ಬೊಂತೆ ಒಳಗೆ ಸೂಜಿ ಐತೆ."

ಮಂಜುಶ್ರೀ ಹೇಗೆ ಎದ್ದರೋ, ಯಾರನ್ನು ದಾಟಿ ಬಂದರೋ. ಮಗು ಅವರ ಎದೆಯಲ್ಲಿತ್ತು. ಬಟ್ಟೆ ಬಿಚ್ಚಿ ಬೆನ್ನು, ತೊಡೆ, ಅಂಗಾಲು ನೋಡಿದರು. ಏನೂ ಆಗಿರಲಿಲ್ಲ. ಮಗು ಆಕಳಿಸಿತು. ನೆಂಟರಲ್ಲಿ ಯಾರೋ, "ಹಳೇ ಬಟ್ಟೆ ಹಾಕಬೇಡಿ ಅಂದ್ರೆ ಕೇಳಬೇಕಲ್ಲ," ಅಂದರು. ಮಂಜುಶ್ರೀ ಲೋಕೇಶರ ಕಡೆ ಒಮ್ಮೆ ನೋಡಿ ಒಳಕೋಣೆಗೆ ಹೋದರು.

ಕೌದಿಯನ್ನು ನೆಲಕ್ಕೆ ಹಾಕಿ ಲೋಕೇಶ್ ಅಂಗೈಯಿಂದ ಗೇಣು ಗೇಣಾಗಿ ಒತ್ತಿದರು. ಸಿಗಲಿಲ್ಲ. ಐದು ಪದರದ ಬಟ್ಟೆ. ಪೂರ್ತಿ ಬಿಚ್ಚಿದರೂ ಸೂಜಿ ಪದರದಿಂದ ಪದರಕ್ಕೆ ಜಾರಬಹುದು. "ಸುಟ್ಹಾಕಿ ಅತ್ಲಾಗೆ," ಎಂದರು ಒಬ್ಬರು. "ಸುಡಕ್ಕೆ ಅದು ನಿಮ್ಮತ್ತೆ ಸೀರೆ ಏನವ್ವ? ನಮ್ಮತ್ತೇದು," ಎಂದರು ಕೃಷ್ಣಮ್ಮ. ಆ ಮನೆಯಲ್ಲಿ ಆ ಹೊತ್ತು ಅವರೊಬ್ಬರೇ ಲೋಕೇಶರ ಪರ.

ಸೂಜಿ ಉಕ್ಕಿನದು. ಉಕ್ಕನ್ನು ಹಿಡಿಯುವ ಜಾಗ ಲೋಕೇಶ್‌ಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಐದು ನಿಮಿಷ ಮೆಟ್ಟಿಲ ಮೇಲೆ ಕೂತರು. ಆಮೇಲೆ ಕೌದಿಯನ್ನು ಸುತ್ತಿ, ರಜೆಯ ದಿನ, ಹೊಸ ಶರ್ಟಿನಲ್ಲಿ, ಪೀಣ್ಯಕ್ಕೆ ಹೋದರು.

*

ಅವರ ಘಟಕದಲ್ಲಿ ಒಂದು ಸರ್ಫೇಸ್ ಗ್ರೈಂಡರ್ ಇದೆ, ಲೋಹದ ಮೈ ಉಜ್ಜಿ ನಯ ಮಾಡುವ ಯಂತ್ರ. ಕಬ್ಬಿಣದ ಜಾಬನ್ನು ಅದರ ಮೇಜಿನ ಮೇಲಿಟ್ಟು ಸನ್ನೆಗೋಲು ತಿರುಗಿಸಿದರೆ ಸಾಕು, ಮೇಜೇ ಅಯಸ್ಕಾಂತವಾಗಿ ಜಾಬನ್ನು ಕಚ್ಚಿ ಹಿಡಿಯುತ್ತದೆ. ಅದನ್ನು ನಡೆಸುವವರು ವೆಂಕಟಸುಬ್ಬಯ್ಯ. ಸರ್ಕಾರಿ ಕಾರ್ಖಾನೆಯ ಟೂಲ್‌ರೂಮಿನಲ್ಲಿ ನಿವೃತ್ತರಾಗಿ, ಮನೆಯಲ್ಲಿ ಕೂರಲಾರದೆ ಇಲ್ಲಿಗೆ ಬಂದವರು.

ಕಂಕುಳಲ್ಲಿ ಸುರುಳಿ ಇಟ್ಟುಕೊಂಡು ನಿಂತ ಲೋಕೇಶರನ್ನು ಅವರು ಕನ್ನಡಕದ ಮೇಲಿಂದ ನೋಡಿದರು. "ಏನಯ್ಯಾ, ಮನೇಲಿ ಜಗಳವೋ? ಹಾಸಿಗೆ ಸಮೇತ ಬಂದುಬಿಟ್ಟಿದೀಯ."

ಲೋಕೇಶ್ ಕೌದಿ ಬಿಡಿಸಿ ತೋರಿಸಿದರು. ಯಾರು ಹೊಲಿದದ್ದು ಎಂಬುದನ್ನೂ ಹೇಳಬೇಕಾಯಿತು. ಅಷ್ಟರಲ್ಲಿ ಆಚೀಚೆಯ ಯಂತ್ರಗಳು ಒಂದೊಂದಾಗಿ ನಿಂತವು. ಇಷ್ಟು ವರ್ಷ ಯಾರಿಗೆ ಗೊತ್ತಾಗಬಾರದೆಂದಿದ್ದರೋ ಅವರೆಲ್ಲ ಸುತ್ತ ನೆರೆದರು.

"ಎಷ್ಟು ತೆಗೀಬೇಕು ಹೇಳು," ಎಂದರು ವೆಂಕಟಸುಬ್ಬಯ್ಯ, ಮುಖ ಗಂಟಿಕ್ಕಿಕೊಂಡು. "ಹತ್ತು ಮೈಕ್ರಾನ್ ಸಾಕಾ? ಕನ್ನಡಿ ಫಿನಿಶ್ ಬೇಕಾದ್ರೆ ಡ್ರಾಯಿಂಗ್ ಕೊಡಬೇಕು."

ಎಲ್ಲರೂ ನಕ್ಕರು. ಲೋಕೇಶ್ ನಗಲಿಲ್ಲ. "ಸಾರ್, ಮಗು ಮಲಗಿತ್ತು ಇದರ ಮೇಲೆ," ಎಂದರು. ಆಮೇಲೆ ಯಾರೂ ನಗಲಿಲ್ಲ. ವೆಂಕಟಸುಬ್ಬಯ್ಯ ತಾವೇ ಮೇಜನ್ನು ಮೂರು ಸಲ ಒರೆಸಿದರು. ಯಂತ್ರ ತಂಪಾಗಿಸುವ ಕೂಲೆಂಟಿನ ಹನಿ ತಾಗದಿರಲೆಂದು ಹೊಸ ಪ್ಲಾಸ್ಟಿಕ್ ಹಾಳೆ ಹಾಸಿದರು. ಮೇಜಿಗೆ ಕೌದಿಯ ಒಂದು ಪಟ್ಟಿ ಹಿಡಿಸುತ್ತದೆ, ಅಷ್ಟೇ. ಒಂದು ಪಟ್ಟಿ ಹರಡುವುದು, ಸನ್ನೆಗೋಲು ತಿರುಗಿಸುವುದು, ಅಂಗೈಯಲ್ಲಿ ಒತ್ತಿ ಮೆಲ್ಲಗೆ ಎತ್ತಿ ನೋಡುವುದು. ಬಟ್ಟೆ ಹಗುರಾಗಿ ಎದ್ದುಬಂದರೆ ಮುಂದಿನ ಪಟ್ಟಿ. ಕೊನೆಯ ಮೂಲೆಯ ಹತ್ತಿರ ಬಟ್ಟೆ ಏಳಲೊಲ್ಲದೆ ನಿಂತಿತು. ಅಲ್ಲೇ ಹೊಲಿಗೆ ಬಿಚ್ಚಿದರು. ಮೂರನೇ ಪದರದಲ್ಲಿ ಸೂಜಿ ಇತ್ತು.

ಲೋಕೇಶ್ ಅದನ್ನು ಜೇಬಿಗೆ ಹಾಕಿಕೊಂಡು ಕೌದಿ ಮಡಿಸತೊಡಗಿದರು. ವೆಂಕಟಸುಬ್ಬಯ್ಯ ಕೈ ಅಡ್ಡ ಹಿಡಿದರು. "ಅರ್ಧಕ್ಕೇ ಬಿಡ್ತಾರೇನಯ್ಯಾ? ಇನ್ನೊಂದು ಮೈ ನೋಡಬೇಡವೆ?"

ಕೌದಿಯನ್ನು ಮಗುಚಿ ಹಾಕಿದರು. ನಡುವಿನಲ್ಲಿ ಬಟ್ಟೆ ಮತ್ತೆ ಕಚ್ಚಿಕೊಂಡಿತು. ಮೊದಲಿನಷ್ಟು ಬಿಗಿಯಾಗಿ ಅಲ್ಲ, ತುಸುವೇ. ಬಿಚ್ಚಿ ನೋಡಿದರೆ ಕಬ್ಬಿಣದ ಚಿಪ್ಸ್, ಲೇತಿನಲ್ಲಿ ಜಾಬ್ ಹೆರೆಯುವಾಗ ಸಿಡಿಯುವ ಸಣ್ಣ ಸುರುಳಿ. ಅಕ್ಕಿಯ ನುಚ್ಚಿನಷ್ಟು ಗಾತ್ರ, ಬ್ಲೇಡಿನಷ್ಟು ಹರಿತ. ಅಂಥದ್ದೇ ಇನ್ನೊಂದು ಅಂಚಿನಲ್ಲಿ ಸಿಕ್ಕಿತು.

ಸೂಜಿಗೆ ಗೌರಿಯ ಲೆಕ್ಕವಿತ್ತು. ಇವುಗಳ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಕೆಲಸದ ಪ್ಯಾಂಟಿನ ಮಡಿಕೆಯಲ್ಲಿ, ಶರ್ಟಿನ ತೋಳಿನಲ್ಲಿ ಮನೆಗೆ ಬಂದು, ಬೆಳಿಗ್ಗೆ ಅದೇ ಬಟ್ಟೆಯಲ್ಲಿ ಕೂತು ಹೊಲಿದಾಗ ಇಳಿದವು. ಅಂದರೆ ಇಷ್ಟು ವರ್ಷ ಕೊಟ್ಟ ಕೌದಿಗಳು?

"ಅವತ್ತು ಹೆದರಿದ್ದೆ ನೋಡಿ," ಎನ್ನುತ್ತಾರೆ ಲೋಕೇಶ್. "ಬೆರಳು ಜಜ್ಜಿದಾಗಲೂ ಅಂಗೆ ಹೆದರಿರ್ಲಿಲ್ಲ. ಕೈಯೇನೋ ಉಜ್ಜಿ ಉಜ್ಜಿ ತೊಳೀತಿದ್ದೆ. ತೊಟ್ಟಿರೋ ಶರ್ಟು ಮರ್ತೇ ಹೋಗಿತ್ತು."

ಕೊಟ್ಟವರನ್ನೆಲ್ಲ ಹುಡುಕಿಕೊಂಡು ಹೋದರು. ಅಕ್ಕ, ನಿಮ್ಮ ಕೌದಿ ಒಂದು ದಿನದ ಮಟ್ಟಿಗೆ ಕೊಡಿ. ಅಣ್ಣ, ವಾಪಸ್ ತಂದುಕೊಡ್ತೀನಿ. ಯಾಕೆ ಎಂದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕೆಲವರು ನಕ್ಕರು. ಒಬ್ಬರು ಕೌದಿಯನ್ನು ನಾಯಿಗೆ ಹಾಸಿದ್ದರು, ಅದನ್ನೂ ತಂದರು. ಕೆಲವು ದಿನ ಊಟದ ಬಿಡುವಿನಲ್ಲಿ ಗ್ರೈಂಡರ್ ಮುಂದೆ ಕೌದಿಗಳ ಸಾಲು. ಎತ್ತಿ ಹಿಡಿಯಲು, ಮಗುಚಲು ಜನ ತಾವಾಗಿಯೇ ಬಂದರು. ಬಣ್ಣದ ಬಗ್ಗೆ ಅಭಿಪ್ರಾಯಗಳೂ ಬಂದವು. ಹೂವಮ್ಮ ಎನ್ನಿಸಿಕೊಂಡಿದ್ದ ಮನುಷ್ಯ, "ನಂಗೊಂದು ಹಾಕ್ಕೊಡು ಗುರು, ಡಬ್ಬಿಗೆ ಮ್ಯಾಚಿಂಗು," ಎಂದ.

ಹಳೆಯ ಎರಡು ಕೌದಿಗಳಲ್ಲಿ ಚಿಪ್ಸ್ ಸಿಕ್ಕವು. ಅದರಲ್ಲೊಂದು ದಾಸರಹಳ್ಳಿಯ ಮುದುಕಿಯದು. "ಏನೋ ಚುಚ್ತಿತ್ತು ಕಣಪ್ಪ. ನಂದೇ ಮೂಳೆ ಇರ್ಬೋದು ಅಂತ ಸುಮ್ಕಿದ್ದೆ," ಅಂದಿತಂತೆ ಆ ಜೀವ.

ಆವತ್ತಿನಿಂದ ಬೀದಿ ಕಾಣದ ಆ ಪಂಚೆ. ದಾರ ಮುಗಿದ ಸೂಜಿ ನೇರ ಸ್ಪಂಜಿಗೆ. ದಿನಾ ಅಯಸ್ಕಾಂತ.

ಕೃಷ್ಣಮ್ಮನವರ ಕೌದಿಯನ್ನು ನಡುವಿನಿಂದ ಬಿಚ್ಚಿ, ಒಗೆದು, ಮತ್ತೆ ಹೊಲಿದು, ಮತ್ತೆ ಗ್ರೈಂಡರಿಗೆ ಹಾಕಿ ಕೊಂಡೊಯ್ದರು. ಬಾಗಿಲಲ್ಲಿ ಮಂಜುಶ್ರೀ ಎರಡೂ ಕೈಯಿಂದ ತೆಗೆದುಕೊಂಡರು. "ಥ್ಯಾಂಕ್ಸ್ ಅಂಕಲ್. ಸದ್ಯಕ್ಕೆ ಬೀರುವಲ್ಲಿ ಇಟ್ಟಿರ್ತೀನಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಲೋಕೇಶ್ ತಲೆಯಾಡಿಸಿ ಮೆಟ್ಟಿಲು ಹತ್ತಿದರು.

"ಹೆತ್ತೋಳು ಹೆದರಿದ್ರೆ ಹೆದರ್ಲೇಬೇಕು. ತಪ್ಪೇನಿಲ್ಲ," ಎನ್ನುತ್ತಾರೆ. ಬೆನ್ನಿಗೇ, "ಆದ್ರೆ ಬೊಂತೆ ಬೀರುವಲ್ಲಿ ಇರೋ ಸಾಮಾನಲ್ಲ. ಮಾಸ್ಬೇಕು, ಒಗೀಬೇಕು. ಅದೊಂದೇ ನನ್ನಾಸೆ," ಎನ್ನುತ್ತಾರೆ.

*

ಬಿಸಿಲು ಈಗ ನೀರಿನ ಟ್ಯಾಂಕಿನ ತಲೆಗೆ ಬಂದಿದೆ. ಡಬ್ಬಿಯ ಮುಚ್ಚಳದ ಸದ್ದು ಕೇಳಿದೆ. ಲೋಕೇಶ್ ಸೂಜಿಗಳನ್ನು ಸ್ಪಂಜಿಗೆ ಚುಚ್ಚಿ ಎಣಿಸುತ್ತಿರುವಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಮಂಜುಶ್ರೀ. ತೋಳಿನ ಮೇಲೆ ಕೌದಿ. ಬಿಟ್ಟ ಕೂದಲು, ನಿದ್ದೆಗೆಟ್ಟ ಕಣ್ಣು.

"ಅಂಕಲ್, ಇದು ಸಂಜೆ ಒಳಗೆ ಒಣಗುತ್ತಾ? ಕೆಳಗೆ ಬಿಸಿಲೇ ಬರಲ್ಲ. ನಾಳೆ ಪ್ಯಾಕ್ ಮಾಡ್ಬೇಕು."

ಲೋಕೇಶ್ ಎದ್ದು ನಿಲ್ಲುತ್ತಾರೆ. ಕೌದಿಯ ನಡುವಿನಲ್ಲಿ ಅಗಲವಾದ ಒದ್ದೆ ಕಲೆ.

"ಯಾವಾಗ್ಲಿಂದ...?" ಎನ್ನುತ್ತಾರೆ. 

"ಒಂದು ಹದಿನೈದು ದಿನ ಆಯ್ತು. ಮೊದ್ಲು ನಾನೇ ಅದರ ಮೇಲೆ ಮಲಗಿ ನೋಡ್ದೆ ಅಂಕಲ್, ಒಂದು ವಾರ. ಆ ಕಡೆ ಈ ಕಡೆ ಹೊರಳಾಡಿ. ಏನೂ ಚುಚ್ಚಲಿಲ್ಲ." ಮಂಜುಶ್ರೀ ಮೊದಲ ಸಲ ನಗುತ್ತಾರೆ. "ಈಗ ಇವನು ಬೇರೆದ್ರಲ್ಲಿ ಮಲಗೋದೇ ಇಲ್ಲ. ದಿನಾ ಒದ್ದೆ ಮಾಡ್ತಾನೆ, ಫ್ಯಾನ್ ಕೆಳಗೇ ಒಣಗಿಸ್ತಿದ್ದೆ. ಬಿಸಿನೀರಲ್ಲಿ ನೆನೆಸ್ಲಾ?"

"ಬ್ಯಾಡಮ್ಮ. ತಣ್ಣೀರೇ ಸಾಕು. ಹಿಂಡಬ್ಯಾಡಿ, ಹಿಂಡಿದ್ರೆ ಒಳಗಿನ ಬಟ್ಟೆ ಮುದುರ್ತದೆ. ಕೊಡಿ ಇಲ್ಲಿ, ನಾನೇ ಹಾಕ್ತೀನಿ."

ತಣ್ಣೀರಿನಲ್ಲಿ ಜಾಲಿಸಿ, ನೀರು ತಾನಾಗಿ ಇಳಿಯಲು ಬಿಟ್ಟು, ಮಹಡಿಯ ಕಟ್ಟೆಯ ಮೇಲೆ ಉದ್ದಕ್ಕೆ ಹರಡುತ್ತಾರೆ. ಅಂಗೈಯಿಂದ ಸುಕ್ಕು ಬಿಡಿಸುತ್ತಾರೆ. ಅಯಸ್ಕಾಂತ ಚಾಪೆಯ ಮೇಲೆ ಕೈಗೆಟಕುವಲ್ಲೇ ಇದೆ. ಅದನ್ನು ಎತ್ತಿಕೊಳ್ಳಲು ಒಮ್ಮೆ ಬಗ್ಗಿ, ಬೇಡವೆಂದು ಬಿಡುತ್ತಾರೆ. ಮಂಜುಶ್ರೀ ಕೆಳಗಿಳಿದು ಹೋದ ಮೇಲೂ ಅಲ್ಲೇ ನಿಂತಿದ್ದಾರೆ.

"ರೀ, ಲೇಟಾಯ್ತು. ಶಿಫ್ಟ್ ನಿಮಗೋಸ್ಕರ ಕಾಯಲ್ಲ," ಗೌರಿ ಡಬ್ಬಿ ಹಿಡಿದು ಬಾಗಿಲಿಗೆ ಬರುತ್ತಾರೆ.

"ಹೊರಟೆ ಇರೇ. ಮಧ್ಯಾಹ್ನಕ್ಕೆ ಬಿಸಿಲು ಆ ಕಡೆ ತಿರುಗ್ತದೆ. ಮರೀದೆ ಮಗುಚಿ ಹಾಕು."

ಡಬ್ಬಿ ತೆಗೆದುಕೊಂಡು, ಇನ್ನೊಮ್ಮೆ ತಿರುಗಿ ಆ ಕಲೆಯಿದ್ದ ಜಾಗ ನೋಡುತ್ತಾರೆ.

"ಐದೂ ಪದರ ನೆನೆಸವ್ನೆ ಕಣೇ," ಎನ್ನುತ್ತಾರೆ.